ಬೈತಖೋಲದ ಕ್ಯಾಪ್‌ಸ್ಟನ್‌ಗೆ ಪ್ಲಂಜರ್ ಕೂರಿಸಿದ್ದು

ಹಳೇ ಕ್ಯಾಪ್‌ಸ್ಟನ್ ಲೇತನ್ನು ಲಾರಿಯಿಂದ ಇಳಿಸುವಾಗ ಅದರ ಟರೆಟ್, ಅಂದರೆ ಟೂಲ್‌ಗಳನ್ನು ಹಿಡಿಯುವ ತಲೆ, ತನ್ನಷ್ಟಕ್ಕೆ ಗಿರ್ರನೆ ತಿರುಗಿತು. ಚೈನ್ ಬ್ಲಾಕ್ ಹಿಡಿದಿದ್ದ ಹುಡುಗರು ನಕ್ಕರು. ನನ್ನ ಎದೆ ಮಾತ್ರ ಧಸಕ್ ಅಂದಿತು. ಆರು ಮುಖದ ಆ ತಲೆ ಬುಗುರಿಯ ಹಾಗೆ ತಿರುಗುವ ವಸ್ತುವೇ ಅಲ್ಲ. 60 ಡಿಗ್ರಿ ತಿರುಗಬೇಕು, ಟಕ್ ಅಂತ ಕೂರಬೇಕು, ಆಮೇಲೆ ಜಪ್ಪಯ್ಯ ಅಂದರೂ ಅಲ್ಲಾಡಬಾರದು. ಸುಮ್ನೆ ತಿರುಗುತ್ತಿದೆ ಅಂದರೆ ಒಳಗೆ ಅದನ್ನು ಹಿಡಿದಿಡುವ ಸ್ಪ್ರಿಂಗ್ ಕೀಲು, ಪ್ಲಂಜರ್, ಇಲ್ಲ ಅಂತಲೇ ಅರ್ಥ. ಕೊಳ್ಳುವಾಗ ಬಿಗಿಯಾಗಿತ್ತು. ಲಾಕ್ ಆಗಿದೆ ಅಂದುಕೊಂಡಿದ್ದೆ. ಅದು ಲಾಕ್ ಅಲ್ಲ, ತುಕ್ಕು. ದೇವಿಮನೆ ಘಟ್ಟದ ತಿರುವುಗಳಲ್ಲಿ ಅದು ಬಿಟ್ಟುಕೊಂಡಿತ್ತು.

ಮಶಿನ್ ಸಿಕ್ಕಿದ್ದು ಕಾರವಾರದಲ್ಲಿ, ಬೈತಖೋಲ ಬಂದರಿನ ಹತ್ತಿರದ ಒಂದು ಹಳೇ ಶೆಡ್ಡಿನಲ್ಲಿ. ಒಂದು ಕಾಲಕ್ಕೆ ಅಲ್ಲಿ ದೋಣಿ ಎಂಜಿನ್ನಿಗೆ ಬುಶ್, ನಿಪ್ಪಲ್ ಮಾಡುತ್ತಿದ್ದರಂತೆ. ಶೆಡ್ಡಿನ ಮಾಡು ಅರ್ಧ ಹಾರಿಹೋಗಿತ್ತು. ಮಳೆ ನೀರು ಮೇಲಿಂದ, ಉಪ್ಪು ಗಾಳಿ ಪಕ್ಕದಿಂದ. ಗುಜರಿ ತೂಕಕ್ಕೆ ಕೊಟ್ಟರು. 780 ಕೆಜಿ, ಕೆಜಿಗೆ 36 ರೂಪಾಯಿ. ಶಿರಸಿಗೆ ತಂದ ಲಾರಿ ಬಾಡಿಗೆ ಬೇರೆ.

ಇರುವ ಲೇತ್ ಸಾಲದಾ ಅಂತ ಮನೆಯಲ್ಲಿ ಕೇಳಿದರು. ಸಾಲದು. ಮೇ ಬಂತು ಅಂದರೆ ನಮ್ಮ ವರ್ಕ್‌ಶಾಪಿನ ಮುಂದೆ ಔಷಧಿ ಹೊಡೆಯುವ ಪಂಪುಗಳ ಸಾಲು. ಅಡಿಕೆಯ ಕೊಳೆರೋಗಕ್ಕೆ ಇಲ್ಲಿ ಇವತ್ತಿಗೂ ಬೋರ್ಡೋ ದ್ರಾವಣವೇ ಗತಿ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ, ಹಾಗಾಗಿ ನಾಝಲ್ ಹಿತ್ತಾಳೆಯದ್ದೇ ಆಗಬೇಕು. ಸುಣ್ಣದ ಹರಳು ಹಿತ್ತಾಳೆಯ ತೂತನ್ನು ಸವೆಸುತ್ತದೆ, ಹಾಗಾಗಿ ಆಗಾಗ ಹೊಸದು ಬೇಕೇ ಬೇಕು. ಮಾಮೂಲಿ ಲೇತಿನಲ್ಲಿ ಒಂದು ನಾಝಲ್ ಮಾಡಲು ನನಗೆ ಒಂಬತ್ತು ನಿಮಿಷ ಹಿಡಿಯುತ್ತಿತ್ತು. ಅದರಲ್ಲಿ ಅರ್ಧ ಸಮಯ ಟೂಲ್ ಬಿಚ್ಚುವುದು, ಕಟ್ಟುವುದು, ಮತ್ತೆ ಅಳೆಯುವುದು. ಟರೆಟ್ ಇದ್ದರೆ ಆರು ಟೂಲ್ ಒಮ್ಮೆ ಕಟ್ಟಿದರೆ ಮುಗಿಯಿತು. ಕೈ ಚಕ್ರ ಹಿಂದೆ ಎಳೆದರೆ ಮುಂದಿನ ಟೂಲ್ ತಾನೇ ಬಂದು ನಿಲ್ಲುತ್ತದೆ.

ಇದು ಪುಸ್ತಕದ ಲೆಕ್ಕದಲ್ಲಿ ಟರೆಟ್ ಲೇತ್ ಅಲ್ಲ, ಕ್ಯಾಪ್‌ಸ್ಟನ್. ಟರೆಟ್ ಲೇತಿನಲ್ಲಿ ತಲೆ ನೇರವಾಗಿ ಸ್ಯಾಡಲ್ ಎಂಬ ಪೀಠದ ಮೇಲಿದ್ದು, ಇಡೀ ಸ್ಯಾಡಲ್ ಲೇತಿನ ಉದ್ದನೆಯ ಬೆಡ್ ಮೇಲೆ ಓಡುತ್ತದೆ. ಕ್ಯಾಪ್‌ಸ್ಟನ್‌ನಲ್ಲಿ ಸ್ಯಾಡಲ್ ಬೆಡ್‌ಗೆ ಬಿಗಿದು ಕೂತಿರುತ್ತದೆ, ಅದರ ಮೇಲಿನ ಸ್ಲೈಡ್ ಮಾತ್ರ ಹಿಂದೆ ಮುಂದೆ ಓಡುತ್ತದೆ. ಸಣ್ಣ ಕೆಲಸಕ್ಕೆ ಇದೇ ಚುರುಕು. ಐಟಿಐ ಪರೀಕ್ಷೆಗೆ ಇದನ್ನು ಬಾಯಿಪಾಠ ಮಾಡಿದ್ದೆ. ಎದುರಿಗೆ ಬಿಚ್ಚಿ ನೋಡಿದ್ದು ಈಗಲೇ.

ನೇಮ್‌ಪ್ಲೇಟ್ ಇರಲಿಲ್ಲ, ಎರಡು ರಿವೆಟ್ ತೂತು ಮಾತ್ರ. ಪ್ಲಂಜರ್ ಇಲ್ಲ. ಟೂಲ್ ಎಷ್ಟು ಆಳಕ್ಕೆ ಹೋಗಬೇಕೋ ಅಲ್ಲಿ ತಡೆಯುವ ಸ್ಟಾಪ್ ಸ್ಕ್ರೂ ಆರಕ್ಕೆ ಆರೂ ಇಲ್ಲ. ಸ್ಲೈಡ್ ಓಡಿಸುವ ಸಣ್ಣ ಗಿಯರ್, ಪಿನಿಯನ್, ಇತ್ತು, ಆದರೆ ಅದರ ಮೂರು ಹಲ್ಲು ಬುಡದಲ್ಲೇ ಮುರಿದಿದ್ದವು. ಕೈ ಚಕ್ರದ ನಾಲ್ಕು ಹಿಡಿಗಳಲ್ಲಿ ಒಂದೇ ಉಳಿದಿತ್ತು. ಹೊರಗಿನ ಥ್ರೆಡ್ ಹಾಕುವ ಡೈ ಹೆಡ್ ಸಿಕ್ಕಿತು, ಅದರ ಹಲ್ಲುಗಳು, ಅಂದರೆ ಚೇಸರ್‌ಗಳು, ಇರಲಿಲ್ಲ. ಸಳಿ ಬಿಗಿಹಿಡಿಯುವ ಕೊಲೆಟ್ ಒಂದೇ ಒಂದು, 16 ಮಿ.ಮೀ. ನನಗೆ ಬೇಕಾದ್ದು ಅದೇ ಸೈಜು. ಅಲ್ಲೊಂದು ಅದೃಷ್ಟ.

ತುಕ್ಕು ತೆಗೆದದ್ದನ್ನು ಉದ್ದ ಬರೆಯುವುದಿಲ್ಲ. ದೊಡ್ಡ ಭಾಗಗಳಿಗೆ ಸೀಮೆಎಣ್ಣೆ, ಡೀಸೆಲ್, ತಂತಿ ಬ್ರಶ್. ಸಣ್ಣ ಭಾಗಗಳಿಗೆ ವಾಶಿಂಗ್ ಸೋಡಾ ನೀರು, ಬ್ಯಾಟರಿ ಚಾರ್ಜರ್. ಆಯಿ ಉಪ್ಪಾಗೆ ಹುಳಿಯಲ್ಲಿ ನೆನೆಸಿ ನೋಡು ಅಂದಳು. ಎರಡು ನಟ್ ಹಾಕಿಟ್ಟೆ. ತುಕ್ಕು ಬಿಟ್ಟಿತು, ನಿಜ. ಆದರೆ ಎರಡು ದಿನ ಮರೆತರೆ ಕಬ್ಬಿಣವನ್ನೂ ತಿನ್ನುತ್ತದೆ. ಮರೆತಿದ್ದೆ.

ಈ ಕೆಲಸದಲ್ಲಿ ನನಗೆ ಗುರು ಒಬ್ಬರಿದ್ದರು. ದಾಂಡೇಲಿ ಕಡೆ ಫಿಟ್ಟರ್ ಆಗಿ ರಿಟೈರ್ ಆದವರು, ಈಗ ನಮ್ಮೂರಿನಲ್ಲೇ ತೋಟ ನೋಡಿಕೊಂಡಿದ್ದಾರೆ. ಎಲ್ಲರೂ ಮೇಸ್ತ್ರಿ ಅಂತಲೇ ಕರೆಯುವುದು. ಬಂದವರು ಕವಳದ ಬಾಯಲ್ಲೇ ಮಶಿನ್ ಸುತ್ತ ಒಂದು ಸುತ್ತು ಹಾಕಿದರು. ಒಂದು ಬೋಲ್ಟ್ ತೆಗೆದು ಥ್ರೆಡ್ ಗೇಜ್ ಇಟ್ಟರು.

"ಅರ್ಧ ಇಂಚಿಗೆ ಎಷ್ಟು ಥ್ರೆಡ್ ಇದ್ದು ನೋಡು ತಮಾ."

ಬೋಲ್ಟ್ ಅರ್ಧ ಇಂಚಿನದು, ಥ್ರೆಡ್ ಇಂಚಿಗೆ 12. ಅಮೆರಿಕದ ಮಶಿನ್ ಆಗಿದ್ದರೆ ಅದೇ ಬೋಲ್ಟಿಗೆ 13 ಇರುತ್ತಿತ್ತು. 12 ಅಂದರೆ ವಿಟ್‌ವರ್ತ್. 55 ಡಿಗ್ರಿಯ ಥ್ರೆಡ್, ಇಂಗ್ಲೆಂಡಿನ ಲೆಕ್ಕ. ಅಂದರೆ ಇಡೀ ಮಶಿನ್ ಇಂಚಿನದು. ಅದನ್ನು ಡೈರಿಯಲ್ಲಿ ಬರೆದುಕೊಂಡೆ. ಬರೆದುಕೊಂಡು, ಮರುದಿನವೇ ಮರೆತು, ಪಿನಿಯನ್‌ಗೆ ಮಿಲಿಮೀಟರ್ ವರ್ನಿಯರ್ ಹಾಕಿದೆ.

ಪಿನಿಯನ್‌ಗೆ 18 ಹಲ್ಲು. ಹೊರ ವ್ಯಾಸ 50.2 ಮಿ.ಮೀ. ಸುಲಭದ ಲೆಕ್ಕ ಅಲ್ವಾ? ಹಲ್ಲಿನ ಸಂಖ್ಯೆಗೆ ಎರಡು ಕೂಡಿಸಿ, ಮಿಲಿಮೀಟರ್ ಲೆಕ್ಕದಲ್ಲಿ ಹಲ್ಲಿನ ಸೈಜು ಹೇಳುವ ಮಾಡ್ಯೂಲ್‌ನಿಂದ ಗುಣಿಸಿದರೆ ಹೊರ ವ್ಯಾಸ. 20 ಸಲ 2.5 ಅಂದರೆ 50. ಎರಡೂವರೆ ಮಾಡ್ಯೂಲ್ ಅಂತ ತೀರ್ಮಾನಿಸಿ ಹುಬ್ಬಳ್ಳಿಗೆ ಕೊಟ್ಟು ಕಟ್ ಮಾಡಿಸಿದೆ. ಚಂದ ಮಾಡಿ ಕೊಟ್ಟರು. ತಂದು ಕೂರಿಸಿ ಕೈ ಚಕ್ರ ತಿರುಗಿಸಿದರೆ, ಹಲ್ಲು ಹಲ್ಲಿಗೂ ಕಟಕ್, ಕಟಕ್. ಸ್ಲೈಡ್ ಓಡುತ್ತದೆ, ಆದರೆ ಕಲ್ಲು ರಸ್ತೆಯಲ್ಲಿ ಸೈಕಲ್ ಹೊಡೆದ ಹಾಗೆ. ಗ್ರೀಸ್ ಹಾಕಿದೆ, ಶಿಮ್ ಹಾಕಿ ಸ್ವಲ್ಪ ಎತ್ತಿದೆ. ಕಟಕ್ ಹೋಗಲಿಲ್ಲ.

ಮೇಸ್ತ್ರಿ ಬಂದು ಪಿನಿಯನ್ ಕಡೆ ನೋಡಲೇ ಇಲ್ಲ. ಸ್ಲೈಡಿನ ಅಡಿಯ ಹಲ್ಲಿನ ಪಟ್ಟಿ, ಅಂದರೆ ರ‍್ಯಾಕ್ ತೋರಿಸಿದರು. "ಸವೆದದ್ದನ್ನ ಅಳೀತೆ, ಸವೀದೆ ಇದ್ದದ್ದನ್ನ ಬಿಡ್ತೆ. ಇದರ ಹನ್ನೆರಡು ಹಲ್ಲು ಅಳೆ."

ರ‍್ಯಾಕ್‌ನ ತುದಿಯಲ್ಲಿ ಯಾವತ್ತೂ ಪಿನಿಯನ್ ಮುಟ್ಟದ ಜಾಗ ಇತ್ತು, ಅಲ್ಲಿ ಹಲ್ಲು ಹೊಸದರ ಹಾಗಿತ್ತು. ಹನ್ನೆರಡು ಹಲ್ಲಿಗೆ 95.8 ಮಿ.ಮೀ. ಬಂತು. ಎರಡೂವರೆ ಮಾಡ್ಯೂಲ್ ಆಗಿದ್ದರೆ 94.25 ಬರಬೇಕಿತ್ತು. ಒಂದೂವರೆ ಮಿಲಿಮೀಟರ್ ವ್ಯತ್ಯಾಸ. ಇದು 10 ಡಿಪಿ, ಅಂದರೆ ಪಿಚ್ ವ್ಯಾಸದ ಒಂದು ಇಂಚಿಗೆ ಹತ್ತು ಹಲ್ಲು. ಮಾಡ್ಯೂಲ್‌ಗೆ ತಿರುಗಿಸಿದರೆ 2.54. ಎರಡೂವರೆಗೆ ಎಷ್ಟು ಹತ್ತಿರ ನೋಡಿ, ಅಲ್ಲೇ ಮೋಸ ಹೋದದ್ದು. 18 ಹಲ್ಲಿನ 10 ಡಿಪಿ ಪಿನಿಯನ್ ಹೊಸದಿದ್ದಾಗ ಸರಿಯಾಗಿ ಎರಡು ಇಂಚು, 50.8 ಮಿ.ಮೀ. ಹಲ್ಲಿನ ತುದಿ ಸವೆದು 50.2ಕ್ಕೆ ಇಳಿದಿತ್ತು. ನಾನು ಸವೆತವನ್ನೇ ಅಳತೆ ಅಂತ ನಂಬಿದ್ದೆ.

ಹಲ್ಲಿನ ಓರೆಯೂ ಗೊತ್ತಾಗಬೇಕಿತ್ತು. ಈಗಿನ ಗಿಯರ್‌ಗಳಿಗೆ 20 ಡಿಗ್ರಿ ಮಾಮೂಲು, ಹಳೆಯದರಲ್ಲಿ ಹದಿನಾಲ್ಕೂವರೆ ಜಾಸ್ತಿ. ಇದನ್ನು ಅಳೆಯಲು ಮೇಸ್ತ್ರಿ ಮಾಡಿದ್ದು ನನಗೆ ಬಹಳ ಹಿಡಿಸಿತು. ಆಕ್ಮೆ ಥ್ರೆಡ್ ಟೂಲ್ ಮಸೆಯುವಾಗ ಇಡುವ ಗೇಜ್ ತೆಗೆದು ಅದರ ಚೂಪಿನ ತುದಿಯನ್ನು ರ‍್ಯಾಕ್‌ನ ಎರಡು ಹಲ್ಲಿನ ನಡುವೆ ಇಳಿಸಿದರು. ಆಕ್ಮೆಯ ಕೋನ 29 ಡಿಗ್ರಿ, ಹದಿನಾಲ್ಕೂವರೆಯ ಎರಡು ಪಟ್ಟು. ರ‍್ಯಾಕ್‌ನ ಹಲ್ಲಿಗೆ ಬದಿ ನೇರ ಇರುವುದರಿಂದ ಗೇಜ್ ಎರಡೂ ಕಡೆ ಬೆಳಕು ಕಾಣದ ಹಾಗೆ ಕೂತಿತು. ಮತ್ತೆ ಹುಬ್ಬಳ್ಳಿ. 10 ಡಿಪಿ, ಹದಿನಾಲ್ಕೂವರೆ ಡಿಗ್ರಿ, 17ರಿಂದ 20 ಹಲ್ಲಿಗೆ ಬರುವ 6ನೇ ನಂಬರ್ ಕಟ್ಟರ್ ಅಂತ ಚೀಟಿಯಲ್ಲಿ ಬರೆದುಕೊಟ್ಟೆ. ಎರಡನೇ ಪಿನಿಯನ್ ಬೆಣ್ಣೆಯ ಹಾಗೆ ಓಡಿತು. ಮೊದಲನೆಯದು ಈಗ ಮೇಜಿನ ಮೇಲೆ ಬಿಲ್ ಚೀಟಿ ಹಾರದ ಹಾಗೆ ಇಡುವ ತೂಕ.

ಇನ್ನು ಪ್ಲಂಜರ್. ಇದನ್ನು ಮಾಡಲು ಮೊದಲು ಅದು ಹೇಗೆ ಕೆಲಸ ಮಾಡುತ್ತಿತ್ತು ಅಂತ ತಿಳಿಯಬೇಕಿತ್ತು. ಟರೆಟ್ಟಿನ ಅಡಿಗೆ ಇಂಡೆಕ್ಸ್ ಪ್ಲೇಟ್, ಅದರಲ್ಲಿ ಆರು ಗಾಡಿ, ಅಂದರೆ ಕಚ್ಚು. ಸ್ಲೈಡ್ ಪೂರ್ತಿ ಹಿಂದೆ ಬಂದಾಗ ಪ್ಲಂಜರಿನ ಪಕ್ಕಕ್ಕೆ ಚಾಚಿದ ಒಂದು ಪಿನ್ ಕ್ಯಾಮ್‌ನ ಓರೆ ಹತ್ತಿ, ಪ್ಲಂಜರನ್ನು ಗಾಡಿಯಿಂದ ಎಳೆಯುತ್ತದೆ. ಅಷ್ಟರಲ್ಲಿ ಪಾಲ್ ಎಂಬ ಕೊಕ್ಕೆ ಹಲ್ಲಿನ ಗಾಲಿಗೆ, ಅಂದರೆ ರ‍್ಯಾಚೆಟ್‌ಗೆ ಸಿಕ್ಕಿಕೊಂಡು ಟರೆಟ್ ತಿರುಗಿಸುತ್ತದೆ. ಆರನೇ ಒಂದು ಸುತ್ತು ಆಗುವ ಹೊತ್ತಿಗೆ ಪಿನ್ ಕ್ಯಾಮ್‌ನಿಂದ ಜಾರುತ್ತದೆ, ಸ್ಪ್ರಿಂಗ್ ಪ್ಲಂಜರನ್ನು ಮುಂದಿನ ಗಾಡಿಗೆ ತಳ್ಳುತ್ತದೆ. ಟಕ್. ಕ್ಯಾಮ್ ಇತ್ತು, ಪಾಲ್ ಇತ್ತು, ರ‍್ಯಾಚೆಟ್ ಇತ್ತು. ನಡುವಿನ ಒಂದು ತುಂಡು ಮಾತ್ರ ಇಲ್ಲ. ಆದರೆ ಅದರ ಆಕಾರ ಉಳಿದೆಲ್ಲದರಲ್ಲೂ ಅಚ್ಚೊತ್ತಿತ್ತು.

ಗಾಡಿಯ ಅಚ್ಚು ತೆಗೆಯಲು ಎಂ-ಸೀಲ್ ಬಳಸಿದೆ. ಗಾಡಿಗೆ ತೆಳ್ಳಗೆ ಗ್ರೀಸ್ ಸವರಿ, ಎಂ-ಸೀಲ್ ಕಲಸಿ ಒತ್ತಿ, ರಾತ್ರಿ ಬಿಟ್ಟೆ. ಬೆಳಿಗ್ಗೆ ಮರದ ಸುತ್ತಿಗೆಯಲ್ಲಿ ತಟ್ಟಿದರೆ ಬೆಣೆಯ ಹಾಗಿನ ಒಂದು ತುಂಡು ಹೊರಗೆ ಬಿತ್ತು. ಆರು ಗಾಡಿಗೂ ಹೀಗೇ ಮಾಡಿ ಸಾಲಾಗಿ ಇಟ್ಟು ನೋಡಿದೆ. ಐದು ಒಂದೇ ತರ. ಒಂದರ ಬಾಯಿ ಮಾತ್ರ ಅಗಲ. ಬಹುಶಃ ಡ್ರಿಲ್ಲಿಂಗ್ ಮಾಡುವ ಮುಖ, ಏಟು ಜಾಸ್ತಿ ತಿಂದಿದೆ. ಗಾಡಿಯ ಎರಡು ಬದಿಯ ನಡುವಿನ ಕೋನ 16 ಡಿಗ್ರಿ.

ಪ್ಲಂಜರ್ ಓಡಾಡುವ ತೂತು ಮೂಲದಲ್ಲಿ 7/8 ಇಂಚು, ಅಂದರೆ 22.2 ಮಿ.ಮೀ. ಬಾಯಿಯ ಹತ್ತಿರ ಮೊಟ್ಟೆಯಾಕಾರಕ್ಕೆ ಹೋಗಿ 22.4 ಆಗಿತ್ತು. ಬುಶ್ ಹಾಕಬೇಕಾ ಅಂತ ಒಂದು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಹೊಳೆಯಿತು. ಪ್ಲಂಜರ್ ಮಾಡುವವನು ನಾನೇ ಅಲ್ವಾ, ಅದು 7/8 ಇಂಚೇ ಇರಬೇಕು ಅಂತ ಯಾರು ಹೇಳಿದ್ದು? ತೂತನ್ನು ಹೋನ್ ಮಾಡಿ, ಅಂದರೆ ಒಳಗೆ ಕಲ್ಲಿನಿಂದ ಉಜ್ಜಿ, 22.45ಕ್ಕೆ ದುಂಡಗೆ ತಂದೆ, ಪ್ಲಂಜರನ್ನು ಅದಕ್ಕೆ ತಕ್ಕಂತೆ ಮಾಡಿದೆ.

ಕಬ್ಬಿಣ ಇಎನ್31, ಬೇರಿಂಗ್ ಮಾಡುವ ಜಾತಿಯದು. ತಿರುಗಿಸಿ, ಮುಂದಿನ ಬೆಣೆಯ ಎರಡು ಮುಖವನ್ನು ಅರದಲ್ಲೇ ತಂದೆ. ಪ್ರಶ್ಯನ್ ಬ್ಲೂ ಹಚ್ಚಿ ಗಾಡಿಗೆ ಒತ್ತುವುದು, ನೀಲಿ ಹತ್ತಿದ ಕಡೆ ಕೆರೆಯುವುದು, ಮತ್ತೆ ಒತ್ತುವುದು. ಮಧ್ಯಾಹ್ನ ಎರಡಕ್ಕೆ ಕೂತವನು ಎದ್ದಾಗ ಕತ್ತಲಾಗಿತ್ತು. ಬೆಣೆಯ ತುದಿ ಗಾಡಿಯ ತಳ ಮುಟ್ಟಬಾರದು, ಬದಿಗಳು ಮಾತ್ರ ಮುಟ್ಟಬೇಕು. ತಳ ಮುಟ್ಟಿದರೆ ಅಲ್ಲಾಟ ಉಳಿಯುತ್ತದೆ.

ಹದ ಹಾಕಲು ಅಂಗಳದಲ್ಲಿ ಇದ್ದಿಲ ಒಲೆ, ಬ್ಲೋವರ್. ತಂತಿಗೆ ಕಟ್ಟಿದ ಆಯಸ್ಕಾಂತ ಮುಟ್ಟಿಸಿ ನೋಡುತ್ತ ಹೋದೆ. ಸುಮಾರು 770 ಡಿಗ್ರಿಗೆ ಕಬ್ಬಿಣ ಆಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲಿಂದ ಇನ್ನೂ ಸ್ವಲ್ಪ ಕೆಂಪಾಗಲು ಬಿಟ್ಟು ಎಣ್ಣೆಗೆ ಅದ್ದಿದೆ. ನೀರಿಗೆ ಅಲ್ಲ, ಇಎನ್31 ನೀರಿಗೆ ಹಾಕಿದರೆ ಸೀಳುತ್ತದೆ. ಅರ ಎಳೆದರೆ ಗಾಜಿನ ಮೇಲೆ ಎಳೆದ ಹಾಗೆ ಜಾರಿತು. ಆದರೆ ಹಾಗೇ ಬಿಟ್ಟರೆ ಏಟಿಗೆ ಚಕ್ಕೆ ಏಳುತ್ತದೆ, ಮತ್ತೆ ಮೆಲ್ಲಗೆ ಕಾಸಿ ಇಳಿಸಬೇಕು. ಒಲೆಯ ಮೇಲೆ ಕಾವಲಿ, ಕಾವಲಿಯಲ್ಲಿ ಮರಳು, ಮರಳಿನಲ್ಲಿ ಪ್ಲಂಜರ್. ಉಜ್ಜಿ ಹೊಳೆಸಿದ ಮುಖ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತಲೇ ತೆಗೆದೆ. ಕಾವಲಿ ಯಾವುದು ಅಂತ ಆಯಿಗೆ ಮರುದಿನ ದೋಸೆ ಹೊಯ್ಯುವಾಗ ಗೊತ್ತಾಯಿತು. ಅದರ ವಿವರ ಬೇಡ.

ಸ್ಪ್ರಿಂಗ್ ಮೊದಲು ಹಳೇ ಬೈಕಿನ ವಾಲ್ವಿನದು ಹಾಕಿದೆ. ಟರೆಟ್ ತಿರುಗಿಸಲು ಹೆಗಲು ಕೊಡಬೇಕಾಯಿತು. ಕೊನೆಗೆ ಹೊಂದಿದ್ದು ಕೆಟ್ಟ ಔಷಧಿ ಪಂಪಿನೊಳಗಿನ ಸ್ಪ್ರಿಂಗ್.

ಸಂಜೆ ಕೈ ಚಕ್ರ ಹಿಂದೆ ಎಳೆದೆ. ಟಕ್. ಮತ್ತೆ ಎಳೆದೆ. ಟಕ್. ಆರು ಸಲ. ಮೇಸ್ತ್ರಿ ಜಗುಲಿಯಿಂದಲೇ ಕೇಳಿಸಿಕೊಂಡು, "ಶಬ್ದ ಸರಿ ಇದ್ದು. ಜಾಗ ಸರಿ ಇದ್ದಾ ನೋಡು" ಅಂದರು.

ಜಾಗ ಸರಿ ಇರಲಿಲ್ಲ. ಸಳಿ ತಿರುಗಿಸುವ ಸ್ಪಿಂಡಲ್‌ಗೆ ಅಳತೆಯ ಡಯಲ್ ಕಟ್ಟಿ ಟರೆಟ್ಟಿನ ತೂತಿನೊಳಗೆ ಸುತ್ತು ಹಾಕಿಸಿದೆ. ಮೂರನೇ ತೂತಿನಲ್ಲಿ ಮುಳ್ಳು 0.24 ಮಿ.ಮೀ. ಆಡಿತು. ಡಯಲ್ ತೋರಿಸುವುದು ಎರಡು ಪಟ್ಟು, ಹಾಗಾಗಿ ನಿಜವಾದ ತಪ್ಪು 0.12. ಮೇಸ್ತ್ರಿಯ ಭಾಷೆಯಲ್ಲಿ ಐದು ಥೌ, ಅಂದರೆ ಇಂಚಿನ ಸಾವಿರದಲ್ಲಿ ಐದು ಪಾಲು. ಉಳಿದವು ಅದಕ್ಕಿಂತ ಕಡಿಮೆ, ಆದರೆ ಒಂದೊಂದು ಒಂದೊಂದು ದಿಕ್ಕಿಗೆ. ಒಂದೇ ತೂತನ್ನು ಹತ್ತು ಸಲ ತಿರುಗಿಸಿ ತಂದರೆ ಮಾತ್ರ ಮುಳ್ಳು ಅಲ್ಲಲ್ಲೇ ನಿಲ್ಲುತ್ತಿತ್ತು. ನನಗೆ ಬೇಕಿದ್ದದ್ದು ಅದೇ. ತಪ್ಪು ಇರಲಿ, ದಿನಾ ಒಂದೇ ತಪ್ಪು ಆಗಿದ್ದರೆ ಅದನ್ನು ತೆಗೆಯಬಹುದು.

ತೆಗೆಯುವ ದಾರಿ ಹಳೆಯದು. ಸ್ಪಿಂಡಲ್‌ನಲ್ಲೇ ಬೋರಿಂಗ್ ಬಾರ್ ಹಿಡಿದು, ಟರೆಟ್ಟನ್ನು ಅದರ ಮೇಲೆ ತಳ್ಳಿ, ತೂತನ್ನು ಅದರ ಜಾಗದಲ್ಲೇ ಕೊರೆಯುವುದು. ಆಗ ತೂತಿನ ಸೆಂಟರ್ ಸ್ಪಿಂಡಲ್‌ನ ಸೆಂಟರಿಗೆ ಬರಲೇಬೇಕು, ಬೇರೆ ದಾರಿಯೇ ಇಲ್ಲ. ಗಾಡಿ ಯಾವ ಕಡೆ ಸವೆದಿದ್ದರೂ ಅದರ ಲೆಕ್ಕ ಅಲ್ಲೇ ಚುಕ್ತಾ. ಆದರೆ ಪ್ಲಂಜರ್ ಮೊದಲು ಮುಗಿದಿರಬೇಕು. ಆಮೇಲೆ ಪ್ಲಂಜರ್ ಬದಲಿಸಿದರೆ ಆರು ತೂತೂ ಮತ್ತೆ ಹಾಳು. ಇಂಡೆಕ್ಸ್ ಪ್ಲೇಟನ್ನು ಟರೆಟ್‌ನಿಂದ ಬಿಚ್ಚಿ ಬೇರೆ ದಿಕ್ಕಿಗೆ ಕೂರಿಸಿದರೂ ಅಷ್ಟೇ. ಅದಕ್ಕೇ ಎರಡಕ್ಕೂ ಸೇರಿಸಿ ಡೋವೆಲ್ ಪಿನ್ ಹೊಡೆದೆ.

ಸ್ಲೈಡಿನ ಸಡಿಲ ತೆಗೆಯುವ ಪಟ್ಟಿ, ಜಿಬ್, ಬಿಗಿ ಮಾಡಿ, ಸ್ಲೈಡ್ ಸ್ಪಿಂಡಲ್‌ಗೆ ನೇರ ಓಡುತ್ತದಾ ಅಂತ ಟೆಸ್ಟ್ ಬಾರ್ ಇಟ್ಟು ನೋಡಿದೆ. ಸ್ವಲ್ಪ ಸ್ಕ್ರೇಪರ್ ಆಡಿಸಬೇಕಾಯಿತು. ತೂತುಗಳೆಲ್ಲ ಮೊದಲು 32ಕ್ಕೆ ಕೊರೆದು, ಬೀಡು ಕಬ್ಬಿಣದ ಬುಶ್ ಲಾಕ್‌ಟೈಟ್ ಅಂಟು ಹಚ್ಚಿ ಕೂರಿಸಿದೆ. ಟೂಲ್ ಬಿಗಿ ಮಾಡುವ ಸ್ಕ್ರೂ ಇಳಿಯಲು ಬುಶ್‌ಗೂ ತೂತು ಹೊಡೆದೆ. ಒಂದು ರಾತ್ರಿ ಬಿಟ್ಟು, ಕೊನೆಯ ಬೋರಿಂಗ್ ಒಂದು ಇಂಚಿಗೆ, 25.4.

ನಾಲ್ಕನೇ ತೂತಿನ ಕೊನೆಯ ಕಟ್ ಅರ್ಧದಲ್ಲಿರುವಾಗ ಕರೆಂಟ್ ಹೋಯಿತು. ಹೊರಗೆ ಜೂನ್ ಮಳೆ. ಟೂಲ್ ತೂತಿನೊಳಗೇ ನಿಂತಿತು. ಅಲ್ಲಾಡಿಸದೆ ಬಿಡಬೇಕಿತ್ತು. ಕತ್ತಲಲ್ಲಿ ಕಾಲು ಎಡವಿ ಕೈ ಚಕ್ರಕ್ಕೆ ಬಿದ್ದೆ. ಕರೆಂಟ್ ಬಂದ ಮೇಲೆ ನೋಡಿದರೆ ಬುಶ್ ಒಳಗೆ ಉಗುರಿಗೆ ಸಿಗುವಷ್ಟು ಗೀರು. ಅದನ್ನು ತೆಗೆಯಲು ಮತ್ತೊಂದು ಕಟ್ ಕೊಟ್ಟೆ, ತೂತು 0.04 ದೊಡ್ಡದಾಯಿತು. ಬುಶ್ ಕಿತ್ತು ಹೊಸದು ಹಾಕುವಷ್ಟು ತಾಳ್ಮೆ ಆ ದಿನ ಇರಲಿಲ್ಲ. ಉಳಿದ ಐದೂ ಡಯಲ್‌ನಲ್ಲಿ 0.02ರ ಒಳಗೆ.

ಸ್ಟಾಪ್ ಸ್ಕ್ರೂಗಳು ಸುಲಭ ಅಂದುಕೊಂಡಿದ್ದೆ. 3/8 ಇಂಚು ಬಿಎಸ್‌ಎಫ್, ಅಂದರೆ ಇಂಗ್ಲೆಂಡಿನ ಲೆಕ್ಕದ ಸಣ್ಣ ಥ್ರೆಡ್, ಇಂಚಿಗೆ 20. ನನ್ನ ಲೇತಿನ ಲೀಡ್ ಸ್ಕ್ರೂ ಇಂಚಿಗೆ ನಾಲ್ಕು, ಹಾಗಾಗಿ 20 ಮತ್ತು 100ರ ಚೇಂಜ್ ಗಿಯರ್ ಹಾಕಿದರೆ ಸಾಕು. ಆರೂ ಒಂದೇ ದಿನಕ್ಕೆ ಆದವು. ತಪ್ಪಿದ್ದು ಜೋಡಣೆಯಲ್ಲಿ. ಟರೆಟ್ ತಿರುಗಿದಷ್ಟೇ ಸ್ಟಾಪ್‌ಗಳ ಡ್ರಮ್ಮೂ ತಿರುಗಲು ಒಂದು ಜೊತೆ ಬೆವೆಲ್ ಗಿಯರ್ ಇದೆ. ಒಂದು ಹಲ್ಲು ತಪ್ಪಿ ಕೂರಿಸಿದ್ದೆ. ಸ್ಕ್ರೂವಿನ ತಲೆ ನಿಲ್ಲುವ ಗೂಟಕ್ಕೆ ಅಂಚಿನಲ್ಲಿ ಮಾತ್ರ ತಾಗುತ್ತಿತ್ತು. ಎರಡನೇ ಪೀಸಿಗೇ ಜಾರಿತು, ಡ್ರಿಲ್ ಆಳಕ್ಕೆ ಹೋಗಿ ಮುರಿಯಿತು. ಬಿಚ್ಚಿ ಒಂದು ಹಲ್ಲು ಸರಿಸಿದೆ.

ಈಗ ಆರು ಮುಖದ ಕೆಲಸ ಹೀಗೆ. ಮೊದಲ ಮುಖ ಬರೀ ಸ್ಟಾಪ್, ಹಿತ್ತಾಳೆ ಸಳಿ ಎಷ್ಟು ಹೊರಗೆ ಬರಬೇಕು ಅನ್ನುವುದಕ್ಕೆ. ಎರಡನೆಯದು ರೋಲರ್ ಬಾಕ್ಸ್, ಹೊರಗೆ ತಿರುಗಿಸಲು. ಮೂರು ಸೆಂಟರ್ ಡ್ರಿಲ್, ನಾಲ್ಕು ಡ್ರಿಲ್, ಐದು ಸಣ್ಣ ತೂತಿನ ಡ್ರಿಲ್, ಆರು ಟ್ಯಾಪ್. ಕತ್ತರಿಸುವುದು ಅಡ್ಡ ಸ್ಲೈಡಿನ ಹಿಂದಿನ ಟೂಲ್. ಸುಲಭವಾಗಿ ಕಟ್ ಆಗುವ ಹಿತ್ತಾಳೆ, ಕೂಲೆಂಟ್ ಬೇಡ. ಚಿಪ್ಸ್ ಅವಲಕ್ಕಿಯ ಹಾಗೆ ಉದುರುತ್ತದೆ. ಒಂದಕ್ಕೆ ಎರಡೂವರೆ ನಿಮಿಷ.

ಮೊದಲ ದಿನ 64 ಆದವು. 41ನೆಯದರಲ್ಲಿ ತೂತು ಓರೆಯಾಗಿತ್ತು. ಟಕ್ ಅನ್ನಬೇಕಾದಲ್ಲಿ ಟಪ್ ಅಂದಿತ್ತು, ನಾನು ಗಮನ ಕೊಟ್ಟಿರಲಿಲ್ಲ. ಗಾಡಿಯಲ್ಲಿ ಒಂದು ಹಿತ್ತಾಳೆ ಚಿಪ್ ಕೂತಿತ್ತು, ಅಕ್ಕಿಕಾಳಿನಷ್ಟೂ ಇಲ್ಲ. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಇಂಡೆಕ್ಸ್ ಪ್ಲೇಟಿಗೆ ಒಂದು ಸೆರಗು ಮಾಡಿ ಹಾಕಿದ್ದೇನೆ. ಈಗ ಕೈ ಕೆಲಸ ಮಾಡುತ್ತಿದ್ದರೂ ಕಿವಿ ಅಲ್ಲೇ ಇರುತ್ತದೆ.

ಈ ವರ್ಷದ ಮೊದಲ ಔಷಧಿಗೆ ನನ್ನ ನಾಝಲ್ ತಲುಪಲಿಲ್ಲ, ಎಲ್ಲರೂ ಹೊಡೆದಾಗಿತ್ತು. ಒಂದೂವರೆ ತಿಂಗಳಿಗೆ ಬರುವ ಎರಡನೇ ಸುತ್ತಿಗೆ ಹೋದವು. ಡೈ ಹೆಡ್‌ನ ನಾಲ್ಕು ಚೇಸರ್ ಇನ್ನೂ ಹುಡುಕುತ್ತಿದ್ದೇನೆ, ಅಲ್ಲಿಯ ತನಕ ಹೊರಗಿನ ಥ್ರೆಡ್ ಹಳೇ ಲೇತಿನಲ್ಲೇ. ಟರೆಟ್ಟಿನ ನಾಲ್ಕನೇ ಮುಖದ ಮೇಲೆ ಸೀಮೆಸುಣ್ಣದಲ್ಲಿ 'ಡ್ರಿಲ್ ಮಾತ್ರ' ಅಂತ ಬರೆದಿಟ್ಟಿದ್ದೇನೆ. ಎಣ್ಣೆ ಕೈಗೆ ಅಳಿಸಿಹೋಗುತ್ತದೆ. ವಾರಕ್ಕೊಮ್ಮೆ ಮತ್ತೆ ಬರೆಯುತ್ತೇನೆ.